ಹೊಳೆಯಾಚೆಯ ಮನೆ

ಬೆಂಗಳೂರಿನ ದಂಡು ಪ್ರದೇಶದಲ್ಲಿಯೂ ಅದರ ಪೂರ್ವಕ್ಕೆ ಹಬ್ಬಿರುವ ಬಡಾವಣೆಗಳಲ್ಲಿಯೂ ವಾಸಿಸುವ ಸಂಸಾರಗಳಲ್ಲಿ ‘ನಿಮ್ಮ ಊರು ಯಾವುದು?’ ಎಂಬ ಪ್ರಶ್ನೆಗೆ ಒಂದೇ ಮನೆಯೊಳಗೆ ಎರಡು ಉತ್ತರಗಳು ದೊರೆಯುವುದುಂಟು. ಹಲಸೂರಿನಲ್ಲಿ ಹುಟ್ಟಿ ಇಂದಿರಾನಗರದ ಶಾಲೆಯಲ್ಲಿ ಓದುತ್ತಿರುವ ಹುಡುಗಿ ಒಡನೆಯೇ ‘ಹಲಸೂರು’ ಎನ್ನುತ್ತಾಳೆ. ಅವಳ ಅಜ್ಜ ಒಂದು ಕ್ಷಣ ತಡೆದು ಶಿವಮೊಗ್ಗ ಜಿಲ್ಲೆಯ ಒಂದು ಹಳ್ಳಿಯ ಹೆಸರನ್ನು ಹೇಳುತ್ತಾರೆ. ಇಬ್ಬರ ಮಾತೂ ನಿಜವೇ. ವಿಳಾಸ ಒಂದು, ಊರು ಮತ್ತೊಂದು ಎಂಬುದು ನಗರಜೀವನದ ಹಳೆಯ ಏರ್ಪಾಡು. ವಿಳಾಸಕ್ಕೆ ಕಾಗದಗಳು ತಾವಾಗಿ ಬರುತ್ತವೆ. ಊರಿಗೆ ಮಾತ್ರ ಮನುಷ್ಯರೇ ಎದ್ದು ಹೋಗಬೇಕು.

ಬಸ್ಸು ಮನೆಯ ಬಾಗಿಲಿಗೆ ಮುಟ್ಟುವ ಊರುಗಳ ವಿಷಯದಲ್ಲಿ ಹೇಳಬೇಕಾದುದು ಹೆಚ್ಚಿಲ್ಲ. ನೀರನ್ನು ದಾಟಿ ಹೋಗಬೇಕಾದ ಊರುಗಳ ಸಂಗತಿಯೇ ಬೇರೆ. ಕನ್ನಡ ನಾಡಿನಲ್ಲಿ ಅಂತಹ ಊರುಗಳು ಎರಡು ಬಗೆ. ಉಡುಪಿ, ಕುಂದಾಪುರಗಳ ಕಡೆ ಹೊಳೆಗಳ ನಡುವೆ ‘ಕುದ್ರು’ಗಳಿವೆ. ನದಿಯು ಮಣ್ಣನ್ನು ತಂದು ತಂದು ಇಟ್ಟು ಮಾಡಿದ ನಡುಗಡ್ಡೆಗಳು ಅವು. ಅಲ್ಲಿ ಮೊದಲು ನೆಲ ಹುಟ್ಟಿತು, ಆಮೇಲೆ ಮನೆ ಬಂದಿತು. ಸಾಗರ ತಾಲ್ಲೂಕಿನ ಶರಾವತಿಯ ಹಿನ್ನೀರಿನಲ್ಲಿರುವ ತುಮರಿ, ಬ್ಯಾಕೋಡು, ಸಿಗಂದೂರುಗಳ ನಡುಗಡ್ಡೆ ಹಾಗಲ್ಲ. ಅಲ್ಲಿ ಮನೆ ಮೊದಲೇ ಇತ್ತು. ಹೊಳೆಯೇ ಆಮೇಲೆ ಬಂದು ಸುತ್ತುಗಟ್ಟಿತು. ಭೂಪಟವನ್ನು ಕಟ್ಟುನಿಟ್ಟಾಗಿ ನೋಡುವವರು ಅದನ್ನು ಪೂರ್ಣ ದ್ವೀಪವೆಂದು ಒಪ್ಪಲಾರರು. ಮೂರು ಕಡೆ ನೀರು, ಉಳಿದ ಕಡೆ ಘಟ್ಟದ ದಟ್ಟವಾದ ಕಾಡು. ಆದರೆ ಪೇಟೆಗೆ, ಆಸ್ಪತ್ರೆಗೆ, ಕಚೇರಿಗೆ ಹೋಗಬೇಕಾದ ಮನುಷ್ಯನಿಗೆ ನೀರೇ ಅಡ್ಡವಾಗಿದ್ದ ಕಾರಣ, ಅಲ್ಲಿಯ ಜನ ತಮ್ಮ ನೆಲವನ್ನು ದ್ವೀಪವೆಂದೇ ಕರೆದರು. ಅರುವತ್ತು ವರ್ಷಗಳ ಕಾಲ ಆ ಹೆಸರಿಗೆ ತಕ್ಕಂತೆಯೇ ಬಾಳಿದರು.

ಈ ದ್ವೀಪ ಹುಟ್ಟಿದ ಕಥೆ ಬೆಂಗಳೂರಿಗೆ ದೂರದ್ದಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ 253 ಮೀಟರು ಧುಮುಕಿ, ಹೊನ್ನಾವರದಲ್ಲಿ ಕಡಲನ್ನು ಸೇರುವ ಶರಾವತಿಯಿಂದ ವಿದ್ಯುತ್ತನ್ನು ಪಡೆಯುವ ಕೆಲಸ ಮೈಸೂರು ಸಂಸ್ಥಾನದ ಕಾಲದಲ್ಲಿಯೇ ಆರಂಭವಾಯಿತು. ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟನ್ನು ಕಟ್ಟಿದರು. 1948ರಲ್ಲಿ ಜೋಗದ ವಿದ್ಯುದಾಗಾರ ಕೆಲಸ ಪ್ರಾರಂಭಿಸಿತು. ನಾಡಿನ ಹಸಿವೆಗೆ ಅಷ್ಟು ಸಾಲದಾಯಿತು. 1964ರಲ್ಲಿ, ಇನ್ನೂ ಕೆಳಗೆ, ಲಿಂಗನಮಕ್ಕಿಯಲ್ಲಿ ಹೊಸ ಅಣೆಕಟ್ಟು ಎದ್ದು ನಿಂತಿತು. ಅದರ ಪೂರ್ಣಮಟ್ಟ 1,819 ಅಡಿ. ಹಿಡಿಯುವ ನೀರು ಸುಮಾರು 151 ಟಿ.ಎಂ.ಸಿ. ಆ ನೀರು ಹಿಂದಕ್ಕೆ ಹಬ್ಬಿ ಸುಮಾರು 300 ಚದರ ಕಿಲೋಮೀಟರು ನೆಲವನ್ನು ಮುಚ್ಚಿತು. ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ನೂರಕ್ಕೂ ಮಿಕ್ಕ ಹಳ್ಳಿಗಳು ಮುಳುಗಡೆಯ ಪಾಲಿಗೆ ಬಂದವು. ಹಿಂದೆ ಕಟ್ಟಿದ ಹಿರೇಭಾಸ್ಕರದ ಅಣೆಕಟ್ಟು ತಾನೇ ನೀರಿನೊಳಗೆ ಮುಳುಗಿತು ಎಂದರೆ ಉಳಿದುದನ್ನು ಊಹಿಸಬಹುದು. ಮಳೆ ಕಡಿಮೆಯಾದ ವರ್ಷಗಳ ಬೇಸಿಗೆಯಲ್ಲಿ ಆ ಹಳೆಯ ಅಣೆಕಟ್ಟು ಈಗಲೂ ಮೈದೋರುತ್ತದೆ.

ಲಿಂಗನಮಕ್ಕಿಯಿಂದ ಹೊರಟ ನೀರು ತಳಕಳಲೆಯ ಜಲಾಶಯವನ್ನು ಸೇರಿ, ಅಲ್ಲಿಂದ ದೈತ್ಯ ಕೊಳವೆಗಳಲ್ಲಿ ಘಟ್ಟದ ಕೆಳಗಿಳಿದು ಯಂತ್ರಗಳನ್ನು ತಿರುಗಿಸುತ್ತದೆ. ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳ ಒಟ್ಟು ಸಾಮರ್ಥ್ಯ 1,035 ಮೆಗಾವ್ಯಾಟ್. ಅದು ನಾಡಿನ ಕೈಗಾರಿಕೆಯ ಭಾಗ್ಯವನ್ನು ತೆರೆಯಿತು ಎಂಬುದರಲ್ಲಿ ಸಂಶಯವಿಲ್ಲ. ಬೆಂಗಳೂರಿನ ಪೂರ್ವಭಾಗವೂ ಕಾರ್ಖಾನೆಗಳ ನೆಲೆ. ಕೃಷ್ಣರಾಜಪುರದ ಬಳಿ ದೂರವಾಣಿ ಕಾರ್ಖಾನೆ, ಅದರ ಈಚೆಗೆ ವಿಮಾನ ಕಾರ್ಖಾನೆ, ಹಳೆಯ ಮದರಾಸು ರಸ್ತೆಯಲ್ಲಿ ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್. ಹೀಗೆ ಒಂದರ ಪಕ್ಕದಲ್ಲಿ ಒಂದು ತಲೆಯೆತ್ತಿದವು. ಅವುಗಳ ಸುತ್ತ ಬಡಾವಣೆಗಳು ಬೆಳೆದವು. ಬಡಾವಣೆಗಳಿಗೆ ಹಳ್ಳಿಗಳಿಂದ ಸಂಸಾರಗಳು ಬಂದವು.

ಅಂತಹ ಒಂದು ಸಂಸಾರವನ್ನು ವಾಚಕರು ಕಣ್ಣ ಮುಂದೆ ತಂದುಕೊಳ್ಳಬಹುದು. ಹಲಸೂರು ಕೆರೆಗೆ ಹತ್ತಿರದಲ್ಲಿ, ಸೋಮೇಶ್ವರ ದೇವಾಲಯದ ಗಂಟೆಯ ಸದ್ದು ಕೇಳುವಷ್ಟು ದೂರದಲ್ಲಿ ಅವರ ಮನೆ. ಅಜ್ಜನಿಗೆ ಎಪ್ಪತ್ತು ದಾಟಿದೆ. ಊರು ಮುಳುಗಿದಾಗ ಅವರಿಗೆ ಹನ್ನೆರಡು ವರ್ಷ. ಮುಂದೆ ಸಾಗರದಲ್ಲಿ ಓದಿ, ಬೆಂಗಳೂರಿಗೆ ಬಂದು, ಎನ್.ಜಿ.ಇ.ಎಫ್. ಕಾರ್ಖಾನೆಯಲ್ಲಿ ವಿದ್ಯುತ್ ಪರಿವರ್ತಕಗಳನ್ನು ಕಟ್ಟುವ ಕೆಲಸಕ್ಕೆ ಸೇರಿದರು. 2002ರಲ್ಲಿ ಆ ಕಾರ್ಖಾನೆ ಮುಚ್ಚುವವರೆಗೂ ಅಲ್ಲಿಯೇ ದುಡಿದರು. ವಿದ್ಯುತ್ತಿಗಾಗಿ ಮನೆಯನ್ನು ಕಳೆದುಕೊಂಡ ಹುಡುಗ ವಿದ್ಯುತ್ತಿನ ಕಾರ್ಖಾನೆಯಲ್ಲಿಯೇ ಅನ್ನವನ್ನು ಕಂಡದ್ದು ವಿಚಿತ್ರವೆಂದು ಕೆಲವರಿಗೆ ತೋರಬಹುದು. ಅಜ್ಜನಿಗೆ ಹಾಗೆ ತೋರಿದಂತಿಲ್ಲ. ಅದನ್ನು ಕುರಿತು ಯಾರಾದರೂ ಮಾತೆತ್ತಿದರೆ, “ಹೊಟ್ಟೆಪಾಡು ನಡೆಯಬೇಕಲ್ಲ” ಎಂದು ಸುಮ್ಮನಾಗುತ್ತಾರೆ. ಅವರ ಅಣ್ಣ ಮಾತ್ರ ಊರನ್ನು ಬಿಡಲಿಲ್ಲ. ನೀರು ಮುಟ್ಟದ ಎತ್ತರಕ್ಕೆ ಸರಿದು, ಹಳೆಯ ಮನೆಯ ಕಂಬ, ತೊಲೆ, ಬಾಗಿಲುಗಳನ್ನು ಬಿಚ್ಚಿ ಸಾಗಿಸಿ, ಅಲ್ಲಿ ಹೊಸ ಮನೆ ಕಟ್ಟಿಕೊಂಡರು. ಈಗ ಆ ಅಣ್ಣನ ಮಗ ಅಲ್ಲಿ ಅಡಿಕೆಯ ತೋಟವನ್ನು ನೋಡಿಕೊಂಡಿದ್ದಾನೆ. ಬೆಂಗಳೂರಿನ ಮಕ್ಕಳಿಗೆ ಅವನು ದೊಡ್ಡಪ್ಪ. ಅಜ್ಜನಿಗೆ ಅಣ್ಣನ ಮಗ.

ಈ ಸಂಸಾರ ವರ್ಷಕ್ಕೊಮ್ಮೆ, ಹೆಚ್ಚಾಗಿ ಬೇಸಿಗೆಯ ರಜೆಯಲ್ಲಿ, ಊರಿಗೆ ಹೋಗಿಬರುತ್ತಿತ್ತು. ಯಜಮಾನನಿಗೆ ಕಚೇರಿಯಲ್ಲಿ ರಜೆ ಹೆಚ್ಚು ಸಿಕ್ಕುವುದಿಲ್ಲ. ಆದುದರಿಂದ ಒಂದು ಹಗಲಿನ ಪ್ರವಾಸವೇ ಅವರ ಪಾಲಿಗೆ ರೂಢಿಯಾಗಿತ್ತು. ದಂಡು ರೈಲು ನಿಲ್ದಾಣ ಮನೆಗೆ ಹತ್ತಿರವಾದರೂ ತಾಳಗುಪ್ಪದ ಗಾಡಿ ಆ ಮಾರ್ಗವಾಗಿ ಬರುವುದಿಲ್ಲ. ರಾತ್ರಿಯ ಊಟ ಮುಗಿಸಿ, ಹಲಸೂರಿನಲ್ಲಿ ಮೆಟ್ರೋ ಹತ್ತಿ, ದೊಡ್ಡ ರೈಲು ನಿಲ್ದಾಣಕ್ಕೆ ಹೋಗಿ, ಮೈಸೂರಿನಿಂದ ಬರುವ ಗಾಡಿಯನ್ನು ಹಿಡಿದರೆ ಬೆಳಗಿನ ಹೊತ್ತಿಗೆ ಸಾಗರ. ಗೃಹಿಣಿ ಹಿಂದಿನ ದಿನವೇ ರಸೆಲ್ ಮಾರುಕಟ್ಟೆಗೆ ಹೋಗಿ ಹಣ್ಣುಗಳನ್ನು ತಂದಿಟ್ಟಿರುತ್ತಿದ್ದಳು. ಮಲೆನಾಡಿನ ಮನೆಗೆ ಬೆಂಗಳೂರಿನಿಂದ ಬಾಳೆಹಣ್ಣನ್ನು ಒಯ್ಯುವುದು ಹಾಸ್ಯಾಸ್ಪದವೆಂದು ಅತ್ತೆ ಒಮ್ಮೆ ಹೇಳಿದ್ದರಿಂದ, ದ್ರಾಕ್ಷಿ ಮತ್ತು ಸೇಬುಗಳೇ ಬುಟ್ಟಿಯೊಳಗೆ ಇರುತ್ತಿದ್ದವು.

ಸಾಗರದಿಂದ ಆವಿನಹಳ್ಳಿಯ ಮಾರ್ಗವಾಗಿ ಸುಮಾರು ಮೂವತ್ತು ಕಿಲೋಮೀಟರು ಹೋದರೆ ಅಂಬಾರಗೋಡ್ಲು. ಅಲ್ಲಿಯ ಕಡವಿಗೆ ಜನರು ಇಟ್ಟ ಹೆಸರು ಹೊಳೆಬಾಗಿಲು. ಆ ಹೆಸರಿನಲ್ಲಿ ಉತ್ಪ್ರೇಕ್ಷೆಯಿಲ್ಲ. ಲಾಂಚು ಬಂದರೆ ಬಾಗಿಲು ತೆರೆಯಿತು; ಹೋದರೆ ಮುಚ್ಚಿತು. ಅಗಲವಾದ ಹಲಗೆಯಂತಹ ಆ ಲಾಂಚಿನ ಮೇಲೆ ಮನುಷ್ಯರು, ಅಕ್ಕಿಯ ಮೂಟೆಗಳು, ದ್ವಿಚಕ್ರ ವಾಹನಗಳು, ಕಾರುಗಳು, ಕೆಲವು ವೇಳೆ ಪ್ರಯಾಣಿಕರ ಬಸ್ಸು ಕೂಡ ಏರಿ ನಿಲ್ಲುತ್ತಿದ್ದವು. ಸಿಗಂದೂರಿನ ಚೌಡೇಶ್ವರಿಯ ದರ್ಶನಕ್ಕೆ ಬರುವ ಭಕ್ತರ ಗುಂಪು ರಜಾದಿನಗಳಲ್ಲಿ ಹೆಚ್ಚಾದಾಗ, ಸರದಿಯಲ್ಲಿ ನಿಂತ ವಾಹನಗಳ ಸಾಲು ರಸ್ತೆಯ ತಿರುವಿನಾಚೆಗೂ ಬೆಳೆಯುತ್ತಿತ್ತು. ಬೇಸಿಗೆಯ ಕೊನೆಯಲ್ಲಿ ನೀರು ತೀರ ಇಳಿದಾಗ ವಾಹನಗಳನ್ನು ಹತ್ತಿಸಿಕೊಳ್ಳುವುದೇ ನಿಂತು, ಜನರು ಮಾತ್ರ ದಾಟಿದ ವರ್ಷಗಳೂ ಉಂಟು.

ಹೊಳೆಬಾಗಿಲಿನಲ್ಲಿ ಕಾಯುವುದೇ ಈ ಪ್ರವಾಸದ ಮುಖ್ಯ ಭಾಗವಾಗಿತ್ತು. ಲಾಂಚು ಆಚೆಯ ದಡದಲ್ಲಿ ಚಿಕ್ಕ ಪೆಟ್ಟಿಗೆಯಂತೆ ಕಾಣುತ್ತಿದೆ. ಅದು ಹೊರಡಬೇಕು, ಬರಬೇಕು, ಇಳಿಯುವವರು ಇಳಿಯಬೇಕು. ಅಷ್ಟರವರೆಗೆ ಯಾರಿಗೂ ಬೇರೆ ಕೆಲಸವಿಲ್ಲ. ಬೆಂಗಳೂರಿನಲ್ಲಿ ದಿನಕ್ಕೆ ನಾಲ್ಕು ಮಾತನ್ನೂ ಆಡದ ಅಜ್ಜ ಅಲ್ಲಿ ಮಾತಿಗೆ ತೊಡಗುತ್ತಿದ್ದರು. ಕೇಳುವವರು ಎದ್ದುಹೋಗುವಂತಿಲ್ಲ ಎಂಬುದು ಅದಕ್ಕೆ ಒಂದು ಕಾರಣವಿರಬಹುದು. ಕಣ್ಣ ಮುಂದಿನ ನೀರು ಮತ್ತೊಂದು ಕಾರಣ.

ಮಕ್ಕಳು ಮೊದಮೊದಲು ನೀರನ್ನು ನೀರೆಂದೇ ನೋಡಿದರು. ಅವರಿಗೆ ಪರಿಚಯವಿದ್ದುದು ಹಲಸೂರು ಕೆರೆ. ಅದರ ನಡುವೆಯೂ ಮರಗಳು ಬೆಳೆದ ನಡುಗಡ್ಡೆಗಳಿವೆ. ದಡದಲ್ಲಿ ನಿಂತು ನೋಡಿದರೆ ಅಲ್ಲಿ ಹಕ್ಕಿಗಳ ಸಂಸಾರ ಕಾಣುತ್ತದೆ. ‘ಇದು ಅದಕ್ಕಿಂತ ದೊಡ್ಡ ಕೆರೆ’ ಎಂದು ಹುಡುಗ ತೀರ್ಮಾನಿಸಿದ್ದ. ನೀರಿನ ಮಧ್ಯೆ ನಿಂತ ಬೋಳುಮರಗಳ ಮೊಂಡುಗಳನ್ನು ಕಂಡು, ಇವನ್ನು ನೀರಿನೊಳಗೆ ಯಾರು ನೆಟ್ಟರು ಎಂದು ಕೇಳಿದ್ದ. ಅಜ್ಜ ನಗಲಿಲ್ಲ. ಮರಗಳನ್ನು ಯಾರೂ ನೀರಿನಲ್ಲಿ ನೆಡಲಿಲ್ಲವೆಂದೂ ಮರಗಳಿದ್ದಲ್ಲಿಗೆ ನೀರು ಬಂದಿತೆಂದೂ ತಿಳಿಸಿದರು. ಆ ಬಳಿಕ ಲಾಂಚಿನ ಮೇಲೆ ನಿಂತು ಕೈಚಾಚಿ ತೋರಿಸತೊಡಗಿದರು. ದೂರದಲ್ಲಿ ಹಸುರು ಟೋಪಿಯಂತೆ ಕಾಣುವ ಆ ನಡುಗಡ್ಡೆ ಒಂದು ಗುಡ್ಡದ ನೆತ್ತಿ. ಅಲ್ಲಿಗೆ ಸೊಪ್ಪು ತರಲು ಹೆಂಗಸರು ಏದುಸಿರು ಬಿಡುತ್ತ ಹತ್ತುತ್ತಿದ್ದರು. ಅದರ ಬುಡದಲ್ಲಿ ಗದ್ದೆಯ ಬಯಲು. ಬಯಲಿನ ಅಂಚಿನಲ್ಲಿ ಹಳ್ಳ, ಹಳ್ಳಕ್ಕೆ ಸಂಕ, ಸಂಕದಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಮನೆ. ಲಾಂಚು ದಾಟುವುದಕ್ಕೆ ಹಿಡಿಯುವುದು ಕಾಲು ಗಂಟೆಯ ಆಸುಪಾಸು. ಅಷ್ಟರಲ್ಲಿ ಅಜ್ಜ ಒಂದು ಊರನ್ನು ಸುತ್ತಿಸಿ ಬರುತ್ತಿದ್ದರು.

ಮಕ್ಕಳಿಗೆ ಅಂದು ಒಂದು ಸಂಗತಿ ಹೊಳೆಯಿತು. ತಾವು ‘ಹಿರಿಯರ ಮನೆ’ ಎಂದು ಹೋಗುತ್ತಿದ್ದ ಮನೆ ನಿಜವಾದ ಹಿರಿಯರ ಮನೆಯಲ್ಲ. ಅದು ಆಚೆಯ ದಡದ ಎತ್ತರದಲ್ಲಿ ಆಮೇಲೆ ಎದ್ದ ಮನೆ. ಹಿರಿಯರ ಮನೆಯ ಮೇಲೆ ತಾವು ಈಗಷ್ಟೇ ಲಾಂಚಿನಲ್ಲಿ ತೇಲಿಹೋದೆವೋ ಏನೋ!

ಈ ಮುಳುಗಡೆಯನ್ನು ಕನ್ನಡ ಸಾಹಿತ್ಯ ಕಂಡಿಲ್ಲವೆಂದಲ್ಲ. ಸಾಗರದವರೇ ಆದ ನಾ. ಡಿಸೋಜ ಅವರು ಲೋಕೋಪಯೋಗಿ ಇಲಾಖೆಯ ನೌಕರರಾಗಿ ಈ ನೀರಿನ ಏರುವಿಕೆಯನ್ನು ಹತ್ತಿರದಿಂದ ನೋಡಿದವರು. ‘ಮುಳುಗಡೆ’, ‘ದ್ವೀಪ’ ಎಂಬ ಅವರ ಕಾದಂಬರಿಗಳು ಹುಟ್ಟಿದ್ದು ಆ ಅನುಭವದಿಂದಲೇ. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರು ಚಲನಚಿತ್ರವಾಗಿಸಿದರು, 2002ರಲ್ಲಿ ತೆರೆಕಂಡ ಆ ಚಿತ್ರಕ್ಕೆ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಸ್ವರ್ಣಕಮಲ ಸಂದಿತು. ಬೆಂಗಳೂರಿನ ಪ್ರೇಕ್ಷಕರು ಚಿತ್ರವನ್ನು ಮೆಚ್ಚಿ, ಮಳೆಯ ದೃಶ್ಯಗಳನ್ನು ಹೊಗಳಿ, ಮನೆಗೆ ಹೋಗಿ ದೀಪದ ಗುಂಡಿಯನ್ನು ಒತ್ತಿದರು. ಆ ದೀಪಕ್ಕೂ ಆ ಮಳೆಗೂ ನಂಟುಂಟೆಂದು ಎಷ್ಟು ಮಂದಿಗೆ ಹೊಳೆದಿದ್ದೀತು? ನಾಡಿಗೆ ಬೆಳಕನ್ನು ಕೊಟ್ಟ ಹಿನ್ನೀರಿನ ಅಂಚಿನ ಹಲವು ಮನೆಗಳಲ್ಲಿ ದಶಕಗಳ ಕಾಲ ಸೀಮೆಎಣ್ಣೆಯ ಬುಡ್ಡಿಯೇ ಉರಿಯುತ್ತಿತ್ತು. ಊರನ್ನು ಬಿಟ್ಟುಹೋದವರಿಗೆ ಕೊಟ್ಟ ಭೂಮಿ ಬಹಳ ಕಡೆ ಕಾಗದದಲ್ಲಿ ಅರಣ್ಯವಾಗಿಯೇ ಉಳಿಯಿತು. ಮುಳುಗಡೆ ಸಂತ್ರಸ್ತರೆಂದು ಕರೆಸಿಕೊಳ್ಳುವ ಆ ಕುಟುಂಬಗಳ ಹಕ್ಕುಪತ್ರದ ವ್ಯಾಜ್ಯ ಅರುವತ್ತು ವರ್ಷಗಳ ಮೇಲೂ ಪೂರ್ತಿಯಾಗಿ ಬಗೆಹರಿದಿಲ್ಲ.

ಕಳಸವಳ್ಳಿಯ ದಡದಲ್ಲಿ ಇಳಿದರೆ ದೊಡ್ಡಪ್ಪನ ಜೀಪು ಕಾದಿರುತ್ತಿತ್ತು. ಮನೆಯ ಅಂಗಳಕ್ಕೆ ಕಾಲಿಟ್ಟೊಡನೆ ಕಾಲಿಗೆ ನೀರು, ಜಗುಲಿಯ ಮೇಲೆ ಕುಳಿತೊಡನೆ “ಆಸರಿಗೆ ಎಂತ ಬೇಕು?” ಎಂಬ ಪ್ರಶ್ನೆ. ಬೆಂಗಳೂರಿನವರು ಕಾಫಿ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂದರೂ, ದೊಡ್ಡಮ್ಮ ಕೊಡುವುದು ಬೆಲ್ಲದ ಪಾನಕವೇ. ಆಮೇಲೆ ತೋಟಕ್ಕೆ ಇಳಿದು ಬರುವುದು, ಅಟ್ಟದ ಮೇಲಿನ ಹಲಸಿನ ಹಪ್ಪಳವನ್ನು ಇಳಿಸುವುದು, ಬಚ್ಚಲ ಒಲೆಯ ಬಿಸಿನೀರಿನಲ್ಲಿ ಮೀಯುವುದು, ಮಧ್ಯಾಹ್ನದ ಬಾಳೆಲೆಯ ಊಟಕ್ಕೆ ತಂಬುಳಿ ಮತ್ತು ಅಪ್ಪೆಹುಳಿ. ಆ ಮನೆಯಲ್ಲಿ ನೋಡಬೇಕಾದ ವಸ್ತು ಒಂದುಂಟು. ನಡುಮನೆಯ ಬಾಗಿಲು ಮನೆಗಿಂತ ಹಳೆಯದು. ಗೋಡೆಯ ಅಳತೆಗೆ ಅದು ಸ್ವಲ್ಪ ದೊಡ್ಡದು. ಹೊಸ್ತಿಲಿನ ಮಧ್ಯಭಾಗ ಕಾಲುಗಳ ಸವೆತದಿಂದ ತಗ್ಗಾಗಿದೆ. ಆ ಸವೆತದಲ್ಲಿ ಈ ಮನೆಯವರ ಪಾಲು ಅರ್ಧ. ಉಳಿದರ್ಧ ನೀರಿನಡಿಯ ಮನೆಯಲ್ಲಿ ಓಡಾಡಿದವರದು. ಅಜ್ಜ ಪ್ರತಿ ಸಲವೂ ಆ ಹೊಸ್ತಿಲನ್ನು ಕೈಯಿಂದ ಮುಟ್ಟಿಯೇ ಒಳಗೆ ಹೋಗುತ್ತಿದ್ದರು.

ಊಟವಾದ ಅರೆಗಳಿಗೆಗೆ ಗಡಿಯಾರ ನೋಡುವ ಸರದಿ. ಸಂಜೆಯ ಕೊನೆಯ ಲಾಂಚು ತಪ್ಪಿದರೆ ಆ ರಾತ್ರಿ ದಾಟುವ ಬಗೆಯಿಲ್ಲ. ರೈಲೂ ತಪ್ಪಿತು, ಮರುದಿನದ ಕಚೇರಿಯೂ ತಪ್ಪಿತು. “ಇನ್ನೊಂದು ದಿನ ಇದ್ದುಹೋದರೆ ಏನಾಗುತ್ತದೆ ಚಿಕ್ಕಪ್ಪ?” ಎಂದು ಅಣ್ಣನ ಮಗ ಕೇಳುವನು. “ಬರುವ ವರ್ಷ ಇರೋಣ” ಎಂದು ಅಜ್ಜ ಹೇಳುವರು. ಅದು ನಡೆಯುವುದಿಲ್ಲವೆಂದು ಇಬ್ಬರಿಗೂ ಗೊತ್ತು. ಹೀಗೆ ಬಂದವರು ಹೀಗೆ ಹೋಗುವರು, ಬೆಳಗಾದರೆ ಹಲಸೂರು.

2025ರ ಜುಲೈ 14ರಂದು ಹೊಳೆಬಾಗಿಲಿನ ಅರ್ಥವೇ ಬದಲಾಯಿತು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಸುಮಾರು 470 ಕೋಟಿ ರೂಪಾಯಿಗಳ ವೆಚ್ಚದಲ್ಲಿ ಕಟ್ಟಿದ, ಸುಮಾರು 2.44 ಕಿಲೋಮೀಟರು ಉದ್ದದ ಸೇತುವೆಯನ್ನು ಕೇಂದ್ರ ಸಚಿವ ನಿತಿನ್ ಗಡ್ಕರಿಯವರು ಅಂದು ಸಂಚಾರಕ್ಕೆ ತೆರೆದರು. ಎತ್ತರವಾದ ಗೋಪುರಗಳಿಂದ ಇಳಿಬಿದ್ದ ಉಕ್ಕಿನ ತಂತಿಗಳು ಸೇತುವೆಯ ನಡುಭಾಗವನ್ನು ಎತ್ತಿಹಿಡಿದಿವೆ. ಬೆಂಗಳೂರಿನ ಪೂರ್ವಭಾಗದವರಿಗೆ ಈ ರಚನೆ ಹೊಸದಲ್ಲ. 2003ರಲ್ಲಿ ತೆರೆದ ಕೃಷ್ಣರಾಜಪುರದ ತೂಗುಸೇತುವೆಯೂ ಇದೇ ತತ್ತ್ವದ್ದು. ಅದರ ಕೆಳಗೆ ರೈಲು ಹಾದುಹೋಗುತ್ತದೆ, ಇದರ ಕೆಳಗೆ ಒಂದು ಹಳೆಯ ಸೀಮೆ ಮಲಗಿದೆ. ‘ದ್ವೀಪ’ವನ್ನು ಬರೆದ ನಾ. ಡಿಸೋಜ ಅವರು ಈ ಸೇತುವೆ ತೆರೆದುದನ್ನು ಕಾಣಲಿಲ್ಲ. ಅದೇ ವರ್ಷದ ಜನವರಿ 5ರಂದು ಅವರು ತೀರಿಕೊಂಡಿದ್ದರು.

ಸೇತುವೆ ತೆರೆದ ಬಳಿಕ, ದಸರೆಯ ರಜೆಯಲ್ಲಿ, ಹಲಸೂರಿನ ಸಂಸಾರ ರೈಲನ್ನು ಬಿಟ್ಟು ಕಾರಿನಲ್ಲಿಯೇ ಹೊರಟಿತು. ಅಂಬಾರಗೋಡ್ಲು ಬಂದಿತೆನ್ನುವಷ್ಟರಲ್ಲಿ ಕಳಸವಳ್ಳಿಯೂ ಬಂದಿತು. ಅಜ್ಜ ಕಿಟಕಿಯ ಕಡೆಗೆ ಬಾಗಿ ಬೆರಳನ್ನು ಎತ್ತಿದರು; ಗುಡ್ಡದ ನೆತ್ತಿಯನ್ನು ಗುರುತಿಸುವಷ್ಟರಲ್ಲಿ ಕಾರು ಆಚೆಗೆ ಇಳಿದಿತ್ತು. ಎತ್ತಿದ ಬೆರಳನ್ನು ಅವರು ಮೆಲ್ಲನೆ ಮಡಿಲಿಗೆ ಇಳಿಸಿಕೊಂಡರು. ಹುಡುಗನಿಗೆ ಬಹಳ ನಿರಾಸೆಯಾಯಿತು. ಊಟದ ಹೊತ್ತಿನಲ್ಲಿ ಅವನು ದೊಡ್ಡಪ್ಪನ ಮುಂದೆ ಅದನ್ನು ಆಡಿಯೂ ತೋರಿಸಿದ. ಲಾಂಚೇ ಚೆನ್ನಾಗಿತ್ತು, ಸೇತುವೆಯನ್ನು ಕಟ್ಟಿದ್ದೇಕೆ ಎಂಬುದು ಅವನ ಆಕ್ಷೇಪಣೆ. ಬೆಂಗಳೂರಿನಿಂದ ಬಂದ ದೊಡ್ಡವರೂ ಅಹುದಹುದೆಂಬಂತೆ ತಲೆದೂಗಿದರು. ಲಾಂಚಿನ ಪಯಣದ ಸೊಗಸು, ನೀರಿನ ಮೇಲಿನ ಗಾಳಿ, ಸೂರ್ಯಾಸ್ತ ಇವನ್ನು ಕುರಿತು ನಾಲ್ಕು ಮಾತು ಬಂದುಹೋದವು.

ದೊಡ್ಡಪ್ಪ ಸಿಟ್ಟಾಗಲಿಲ್ಲ. “ತಮ್ಮಾ, ನಿನಗೆ ಲಾಂಚು ವರ್ಷಕ್ಕೆ ಒಂದು ದಿನ. ನಮಗೆ ವರ್ಷವಿಡೀ ಅದೇ. ನಿನ್ನ ದೊಡ್ಡಮ್ಮನಿಗೆ ಹೆರಿಗೆಯ ನೋವು ಕಾಣಿಸಿಕೊಂಡದ್ದು ರಾತ್ರಿ. ಲಾಂಚು ಹೊರಡುವುದು ಬೆಳಿಗ್ಗೆ” ಎಂದ.

ಆಮೇಲೆ ಏನಾಯಿತೆಂದು ಹುಡುಗ ಕೇಳಲಿಲ್ಲ, ದೊಡ್ಡಪ್ಪನೂ ಹೇಳಲಿಲ್ಲ. ಅಪ್ಪೆಹುಳಿಯ ಪಾತ್ರೆ ಹಿಡಿದು ಬಡಿಸುತ್ತಿದ್ದ ದೊಡ್ಡಮ್ಮ ಹುಡುಗನ ಎಲೆಯ ಮುಂದೆ ಒಂದು ಕ್ಷಣ ನಿಂತು, “ಇನ್ನಷ್ಟು ಹಾಕಲಾ?” ಎಂದು ಕೇಳಿದರು. ಆ ಮನೆಯಲ್ಲಿ ಮಕ್ಕಳಿಲ್ಲವೆಂಬುದನ್ನು ಹುಡುಗಿ ಎಷ್ಟೋ ವರ್ಷಗಳಿಂದ ನೋಡಿದ್ದಳು. ಅಂದು ಮೊದಲ ಬಾರಿಗೆ ತಿಳಿದುಕೊಂಡಳು.

ನಗರದವರ ಊರಿನ ಮೋಹವನ್ನು ತೂಗಿನೋಡಬೇಕಾದ ತಕ್ಕಡಿ ಇದು. ವರ್ಷಕ್ಕೊಮ್ಮೆ ಬರುವವನಿಗೆ ಯಾವುದು ಸೊಗಸೋ ಅದು ನಿತ್ಯವಾಸಿಗೆ ಅನೇಕ ವೇಳೆ ಸಂಕಟ. ಕಡವಿನಲ್ಲಿ ಕಾಯುವುದು ಪ್ರವಾಸಿಗೆ ವಿರಾಮ; ಜ್ವರದಿಂದ ನರಳುವ ಮಗುವನ್ನು ಎತ್ತಿಕೊಂಡ ತಾಯಿಗೆ, ಪರೀಕ್ಷೆಗೆ ಹೊರಟ ವಿದ್ಯಾರ್ಥಿಗೆ, ಹಾವು ಕಚ್ಚಿದವನನ್ನು ಹೊತ್ತು ತಂದವರಿಗೆ ಅದನ್ನು ವಿರಾಮವೆಂದು ಹೇಳಲು ಯಾರಿಗೆ ಬಾಯಿ ಬಂದೀತು? ಹಿನ್ನೀರಿನ ಜನ ಸೇತುವೆಗಾಗಿ ದಶಕಗಳ ಕಾಲ ಬೇಡಿದರು, ಹೋರಾಡಿದರು. ಅದು ದೊರೆತಾಗ ಬೆಂಗಳೂರಿನಲ್ಲಿ ಕುಳಿತು ಲಾಂಚಿಗಾಗಿ ನಿಟ್ಟುಸಿರಿಡುವುದು, ಪರರ ಮನೆಯ ಬುಡ್ಡಿದೀಪದ ಚೆಲುವನ್ನು ವಿದ್ಯುದ್ದೀಪದ ಕೆಳಗೆ ಕುಳಿತು ಬಣ್ಣಿಸಿದಂತೆ.

ಆದರೆ ಅಜ್ಜನ ಬೆರಳಿನ ಮಾತು ಉಳಿದೇ ಉಳಿಯುತ್ತದೆ. ಲಾಂಚು ನಿಂತುದರಿಂದ ಆ ಊರಿನವರಿಗೆ ನಷ್ಟವಿಲ್ಲ. ಅಜ್ಜನಿಂದ ಮೊಮ್ಮಕ್ಕಳಿಗೆ ತಿಳಿವಳಿಕೆ ದಾಟುತ್ತಿದ್ದ ಕಾಲು ಗಂಟೆ ಮಾತ್ರ ಇಲ್ಲವಾಯಿತು. ಅದನ್ನು ಸರ್ಕಾರ ಕಟ್ಟಿಸಿಕೊಡಲಾರದು. ಆ ಕೆಲಸ ಮನೆಯವರದೇ.

ಈ ತಿಳಿವಳಿಕೆ ಕೇವಲ ಮನೆತನದ ಹಳೆಯ ಕಥೆಯೆಂದು ತಳ್ಳಿಹಾಕುವಂತಿಲ್ಲ. ಬೆಂಗಳೂರಿನ ಬಾಯಾರಿಕೆ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆ. 1974ರಿಂದ ನಗರಕ್ಕೆ ಕಾವೇರಿಯ ನೀರು ಬರುತ್ತಿದೆ. ಸುಮಾರು ನೂರು ಕಿಲೋಮೀಟರು ದೂರದಿಂದ ಅದನ್ನು ವಿದ್ಯುತ್ತಿನ ಬಲದಿಂದ ಮೇಲಕ್ಕೆತ್ತಿ ತರಬೇಕು. ಅಷ್ಟೂ ಸಾಲದೆಂದು, ಲಿಂಗನಮಕ್ಕಿಯ ನೀರನ್ನೇ ಬೆಂಗಳೂರಿಗೆ ತರುವ ಮಾತು 2019ರಲ್ಲಿ ಎದ್ದಿತು. ಶಿವಮೊಗ್ಗ ಜಿಲ್ಲೆಯಲ್ಲಿ ಅದಕ್ಕೆ ಪ್ರಬಲವಾದ ವಿರೋಧ ಬಂದಿತು. ಜುಲೈ 10ರಂದು ಬಂದ್ ನಡೆಯಿತು. ಅಂದು ಹಲಸೂರಿನ ಮನೆಯಲ್ಲಿ ಪತ್ರಿಕೆಯನ್ನು ಓದುತ್ತಿದ್ದ ಯಜಮಾನ, “ನೀರು ಕೊಟ್ಟರೆ ಇವರಿಗೇನು ಕಷ್ಟ?” ಎಂದು ಗೊಣಗಿದ್ದ. ಕೊಳಾಯಿ ಎರಡು ದಿನ ಒಣಗಿದ್ದ ಸಿಟ್ಟು ಅವನದು. ಅಜ್ಜ ತಲೆಯೆತ್ತದೆ, “ಒಮ್ಮೆ ಕೊಟ್ಟಾಗಿದೆ” ಎಂದಿದ್ದರು. ಕಾಫಿಯ ಲೋಟವನ್ನು ತೆಗೆದುಕೊಂಡು ಹೋಗಲು ಬಂದ ಗೃಹಿಣಿಗೆ ಆ ಮಾತು ಆಗ ಅರ್ಥವಾಗಲಿಲ್ಲ.

ನೀರನ್ನು ತರಬೇಕೆ, ಬೇಡವೆ ಎಂಬುದನ್ನು ಬಲ್ಲವರು ಲೆಕ್ಕ ಹಾಕಿ ತೀರ್ಮಾನಿಸಲಿ. ನಾನೂರು ಕಿಲೋಮೀಟರು ದೂರದ ನೀರಿಗೆ ಕೈಚಾಚುವ ಮೊದಲು ನಗರವು ತನ್ನ ಕೆರೆಗಳ ಲೆಕ್ಕವನ್ನೂ ಒಪ್ಪಿಸಬೇಕಾದೀತು. ಹಲಸೂರು ಕೆರೆಯ ದಡದಲ್ಲಿ ಮೂಗು ಮುಚ್ಚಿಕೊಂಡು ನಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆ ನೀರಿನಡಿಯಲ್ಲಿ ಏನಿದೆಯೆಂದು ತಿಳಿದು ಕೇಳುವುದಕ್ಕೂ ತಿಳಿಯದೆ ಕೇಳುವುದಕ್ಕೂ ವ್ಯತ್ಯಾಸವುಂಟು. ತಿಳಿದವರು ಮತ್ತೊಮ್ಮೆ ಕೇಳುವಾಗ ಧ್ವನಿಯನ್ನು ತಗ್ಗಿಸುತ್ತಾರೆ.

ಊರನ್ನು ಹೊಳೆಯಾಚೆಗೆ ಉಳ್ಳ ಸಂಸಾರಗಳು ಮಾಡಬಹುದಾದ ಕೆಲಸ ಕಷ್ಟದ್ದಲ್ಲ. ಮುಂದಿನ ರಜೆಯಲ್ಲಿ ಹೋಗುವಾಗ ಅಂಬಾರಗೋಡ್ಲಿನ ಈಚೆಯ ದಡದಲ್ಲಿ ಕಾರನ್ನು ನಿಲ್ಲಿಸಿ, ಲಾಂಚಿಗೆ ಕಾಯುತ್ತಿದ್ದಷ್ಟು ಹೊತ್ತು ಹಿರಿಯರೊಡನೆ ನೀರಿನ ಅಂಚಿನಲ್ಲಿ ನಿಲ್ಲಬೇಕು. ಜೊತೆಗೆ ಒಂದು ದೊಡ್ಡ ಕಾಗದ, ಒಂದು ಸೀಸದ ಕಡ್ಡಿ ಇರಲಿ. ಗುಡ್ಡ ಯಾವುದು, ಹಳ್ಳ ಯಾವ ಕಡೆಯಿಂದ ಬರುತ್ತಿತ್ತು, ಯಾರ ಮನೆಯ ಪಕ್ಕ ಯಾರ ಮನೆ, ದೇವರ ಬನ ಎಲ್ಲಿ, ಶಾಲೆಗೆ ಯಾವ ದಾರಿ ಎಂಬುದನ್ನು ಅವರ ಬಾಯಿಂದ ಕೇಳಿ ಮಕ್ಕಳೇ ಬರೆದುಕೊಳ್ಳಲಿ. ಗದ್ದೆಗಳಿಗೂ ಹೆಸರುಗಳಿದ್ದವು, ಅವನ್ನೂ ಬರೆಯಲಿ. ಹನ್ನೆರಡು ವರ್ಷದ ಹುಡುಗನಾಗಿ ಆ ದಾರಿಯಲ್ಲಿ ನಡೆದವರಿಗೆ ಈಗ ಎಪ್ಪತ್ತು ದಾಟಿದೆ. ಅಷ್ಟನ್ನು ನೋಡಿದವರಲ್ಲಿ ಅವರೇ ಕೊನೆಯ ತಲೆಮಾರು. ಕಾಗದಕ್ಕೆ ಇಳಿಯದ ಹೆಸರುಗಳು ಅವರೊಡನೆಯೇ ಹೋಗುತ್ತವೆ, ಮತ್ತೆ ಯಾವ ಬೇಸಿಗೆಯಲ್ಲಿ ನೀರು ಎಷ್ಟೇ ಇಳಿದರೂ ಮೇಲಕ್ಕೆ ಬರುವುದಿಲ್ಲ.

ಆಚೆಯ ದಡದ ಮನೆಯವರಿಗೂ ಒಂದು ಋಣವುಂಟು. ಸೇತುವೆ ಬಂದುದರಿಂದ ಕೊನೆಯ ಲಾಂಚಿನ ನೆಪ ಇನ್ನು ನಡೆಯದು. “ಇನ್ನೊಂದು ದಿನ ಇದ್ದುಹೋದರೆ ಏನಾಗುತ್ತದೆ?” ಎಂದು ಕೇಳಿದರೆ, ಈ ಸಲ ಬೆಂಗಳೂರಿನವರು ಉತ್ತರವನ್ನು ಹುಡುಕುವ ಗೋಜಿಗೆ ಹೋಗದೆ ಉಳಿದುಬಿಡುವುದೇ ಒಳ್ಳೆಯದು.